ಕಣ್ಣಳತೆಯ ಕ್ಯಾಪು

ಚಿಮಣಿಯ ಬಾಯಿಗೆ ಕ್ಯಾಪ್, ಅಂದರೆ ಸುತ್ತ ಜಾಲರಿಯಿರುವ ಮುಚ್ಚಳ, ಕೂರಿಸೋದು ಮೇಲೆ ಹತ್ತಿದವರಿಗೆ ಅರ್ಧ ಗಂಟೆಯ ಕೆಲಸ. ತಲೆನೋವೆಲ್ಲ ಅದಕ್ಕಿಂತ ಮುಂಚಿನದು. ಮಳೆ ಬಿದ್ದಾಗಲೆಲ್ಲ ಒಲೆಯೊಳಗಿನ ಬೂದಿ ಕೆಸರಾಗಿ, ಮಸಿನೀರು ನೆಲಕ್ಕೆ ಹರಿದು, ಒರೆಸಿ ಒರೆಸಿ ಸಾಕಾದ ಮೇಲೆ ಮನೆಗೆ ಹೊಸ ಕ್ಯಾಪ್ ಬರುತ್ತದೆ. ಡಬ್ಬ ಬಿಚ್ಚಿ ಮೇಲಿಟ್ಟು ನೋಡಿದರೆ ಒಂದೂವರೆ ಇಂಚು ಚಿಕ್ಕದು!

ಅಳತೆ ತೆಗೆದವರು ಯಾರು ಎಂದು ಕೇಳಲೇಬೇಕಿಲ್ಲ. ಪ್ರತಿ ಮನೆಯಲ್ಲೂ ಅವರೊಬ್ಬರಿರುತ್ತಾರೆ. 'ಟೇಪು ಯಾಕೆ, ಕಣ್ಣಳತೆ ಸಾಕು' ಎನ್ನುತ್ತಲೇ ಏಣಿ ಹತ್ತುತ್ತಾರೆ. ಮೇಲೆ ಹೋಗಿ ಗೇಣು ಹಾಕುತ್ತಾರೆ, ಗೇಣಿಗೆ ನಾಲ್ಕು ಬೆರಳು ಸೇರಿಸುತ್ತಾರೆ, ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು 'ಇಷ್ಟು' ಎನ್ನುತ್ತಾರೆ. ಈಗ ಇಳಿಯಬೇಕು. ಏಣಿ ಹಿಡಿಯಲು ಕೈ ಬೇಕು, ಕೈಯಲ್ಲಿ ಅಳತೆ ಇದೆ. ಹಾಗಾಗಿ ಅಲ್ಲಿಂದಲೇ ಕೂಗುತ್ತಾರೆ: 'ನೋಡ್ಕೋ, ಇಷ್ಟು! ಹಿಡ್ಕೋ!' ಕೆಳಗೆ ಏಣಿ ಹಿಡಿದು ನಿಂತವರು ಏಣಿ ಬಿಟ್ಟು ಅಳತೆ ಹಿಡಿದುಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಫೋನ್ ರಿಂಗಾಗುತ್ತದೆ. ಒಂದು ಕೈ ಜೇಬಿಗೆ ಹೋಗುತ್ತದೆ, ಇನ್ನೊಂದು ಗಾಳಿಯಲ್ಲೇ ನಿಂತು ಅರ್ಧ ಅಳತೆಯನ್ನು ಕಾಯುತ್ತದೆ. ಮಾತು ಮುಗಿಸಿ ಮತ್ತೆ ಕೈ ಎದುರುಬದುರಾದಾಗ 'ಇಷ್ಟೇ ಅಲ್ವಾ?' ಎಂಬ ಪ್ರಶ್ನೆ, 'ಹ್ಞೂಂ, ಹೆಚ್ಚುಕಮ್ಮಿ' ಎಂಬ ಉತ್ತರ. ಕೊನೆಗೆ ಅಂಗಡಿಯವರು 'ಒಳ ಅಳತೆಯೋ, ಹೊರ ಅಳತೆಯೋ?' ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಕೈಗಳು ಸಂಕೋಚದಿಂದ ಇನ್ನೊಂಚೂರು ಹತ್ತಿರವಾಗುತ್ತವೆ.

ಆ ಪ್ರಶ್ನೆಯಲ್ಲೇ ಎಲ್ಲ ಇರುವುದು. ಇಟ್ಟಿಗೆ ಚಿಮಣಿಯ ಒಳಗಿನ ಸುಟ್ಟಮಣ್ಣಿನ ಕೊಳವೆ ಮುಕ್ಕಾಲು ಇಂಚು ದಪ್ಪವಿದ್ದರೆ, ಎರಡು ಬದಿ ಸೇರಿ ಒಂದೂವರೆ ಇಂಚು ವ್ಯತ್ಯಾಸ. ಕೊಳವೆಯ ಹೊರಮೈಯನ್ನು ಬೋಲ್ಟಿನಿಂದ ಕಚ್ಚಿ ಹಿಡಿಯುವ ಕ್ಯಾಪಿಗೆ ಹೊರ ಅಳತೆ ಬೇಕು, ಕಾಲುಗಳು ಕೊಳವೆಯೊಳಗೆ ಇಳಿಯುವ ಕ್ಯಾಪಿಗೆ ಒಳ ಅಳತೆ. ಚೌಕ ಕಂಡಿತೆಂದು ಒಂದೇ ಬದಿ ಅಳೆಯಬಾರದು. ಉದ್ದ, ಅಗಲ ಎರಡನ್ನೂ ಅಳೆದು ಅಲ್ಲೇ ಬರೆದುಕೊಳ್ಳಬೇಕು. ಕೊಳವೆ ಚಿಮಣಿಯ ತುದಿಯ ಸಿಮೆಂಟ್ ಹಾಸಿನಿಂದ ಎಷ್ಟು ಮೇಲೆದ್ದಿದೆ ಎಂಬುದೂ ಬೇಕು. ಕಚ್ಚುವ ಕ್ಯಾಪಿಗೆ 2 ಇಂಚಾದರೂ ಸಿಗದಿದ್ದರೆ ಅದು ಹಿಡಿಯುವುದೇನನ್ನು? ಆಗ ಬುಡದಲ್ಲಿ ಅಗಲ ಪಟ್ಟಿಯಿರುವ ಕ್ಯಾಪ್ ತಂದು, ಪಟ್ಟಿಯ ಕೆಳಗೆ ಸಂದು ಮುಚ್ಚುವ ಸೀಲಂಟ್ ಹಚ್ಚಿ, ಹಾಸಿಗೇ ಕಾಂಕ್ರೀಟ್ ಸ್ಕ್ರೂ ಹಾಕಬೇಕು. ಎರಡು ಪದರದ ಲೋಹದ ಚಿಮಣಿಯಾದರೆ ಅದನ್ನು ಮಾಡಿದ ಕಂಪನಿಯ ಕ್ಯಾಪೇ ಆಗಬೇಕು. ಬೇರೆಯದು ಕೆಲವೊಮ್ಮೆ ಪದರಗಳ ನಡುವೆ ಗಾಳಿಯಾಡುವ ಜಾಗವನ್ನೇ ಮುಚ್ಚಿಬಿಡುತ್ತದೆ.

ಕೂರಿಸುವ ಮುನ್ನ ಟಾರ್ಚ್ ಹಾಕಿ ಒಳಗೆ ನೋಡಿ. ಮುಚ್ಚಳವಿಲ್ಲದಷ್ಟು ಕಾಲವೂ ಅದು ಯಾವುದೋ ಹಕ್ಕಿಯ ಮನೆಯಾಗಿತ್ತು. ಮರಿಗಳಿದ್ದರೆ ಅವು ಹಾರುವ ತನಕ ಕೆಲಸವನ್ನೂ ಒಲೆಯನ್ನೂ ನಿಲ್ಲಿಸಬೇಕು. ಗೂಡು ಕಟ್ಟಿಕೊಂಡ ಕೊಳವೆಯಲ್ಲಿ ಹೊಗೆಯ ಜೊತೆ ವಿಷಾನಿಲವೂ ಮನೆಯೊಳಗೇ ತಿರುಗುತ್ತದೆ. ಕೆಸರು ಒರೆಸುವಾಗ ಹಕ್ಕಿಯ ಮೇಲೂ ಸಿಟ್ಟಿರುತ್ತದೆ ನಿಜ. ಆದರೂ ಒಲೆಯ ಬಾಯಿಂದ ಇಳಿದುಬರುತ್ತಿದ್ದ ಆ ಚಿಲಿಪಿಲಿ ಇನ್ನು ಕೇಳಿಸುವುದಿಲ್ಲವಲ್ಲ ಎಂದು ಬೋಲ್ಟ್ ಬಿಗಿಯುವ ಕೈ ಒಂದು ಗಳಿಗೆ ತಡೆಯುತ್ತದೆ.

ಬಿಗಿಯುವುದೂ ಹದವಾಗಿಯೇ. ಒಂದು ಬೋಲ್ಟನ್ನು ಪೂರ್ತಿ ತಿರುಗಿಸಿ ಮುಂದಿನದಕ್ಕೆ ಹೋದರೆ ಕ್ಯಾಪ್ ವಾಲುತ್ತದೆ. ಎದುರುಬದುರಿನವನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಬರಬೇಕು. ಅಲ್ಲಾಡುವುದು ನಿಂತಿತೇ, ಅಲ್ಲಿಗೇ ಬಿಡಿ. 'ಇನ್ನೊಂದು ಸುತ್ತು ಇರಲಿ' ಎಂದವರಿಗೆ 'ಚಟ್' ಎಂಬ ಶಬ್ದ ಕೇಳಿಸುತ್ತದೆ, ಬಿರುಕು ಬಿಟ್ಟ ಮಣ್ಣಿನ ಕೊಳವೆಗೆ ರಿಪೇರಿ ಸುಲಭವಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕ್ಯಾಪಿಗೆ ಡಬ್ಬದಲ್ಲಿ ಸ್ಕ್ರೂ ಇಲ್ಲವೆಂದು ಮನೆಯ ಹಳೇ ಮೊಳೆಡಬ್ಬಿಯಿಂದ ಸತುವಿನ ಲೇಪದ್ದನ್ನು ಹೆಕ್ಕಿ ಹಾಕುವುದು ಇನ್ನೊಂದು ಘನಕಾರ್ಯ. ಕ್ಯಾಪ್ ಗಟ್ಟಿಯಾಗಿಯೇ ಉಳಿಯುತ್ತದೆ, ತುಕ್ಕು ಹಿಡಿದ ಸ್ಕ್ರೂ ಕೈಕೊಡುತ್ತದೆ, ಬಿರುಗಾಳಿಗೆ ಕ್ಯಾಪ್ ಅಂಗಳಕ್ಕಿಳಿಯುತ್ತದೆ.

ಜಾಲರಿಯ ಕಣ್ಣು ಅರ್ಧ ಇಂಚಿನ ಆಸುಪಾಸಿರಲಿ. ತೀರಾ ಸಣ್ಣದಾದರೆ ಮಸಿ ಮೆತ್ತಿಕೊಳ್ಳುತ್ತದೆ, ದೊಡ್ಡದಾದರೆ ಕಿಡಿ ಹಾರುತ್ತದೆ. ಹಸಿ ಸೌದೆ ಉರಿಸುವವರ ಜಾಲರಿ ಯಾವ ಅಳತೆಯದಾದರೂ ಬೇಗನೆ ಕಟ್ಟುತ್ತದೆ. ಹೊಗೆ ಕೋಣೆಗೆ ನುಗ್ಗಿದಾಗ ಅವರು ಬೈಯುವುದು ಕ್ಯಾಪನ್ನು, 'ಆ ಜಾಲರಿ ಕಿತ್ತೆಸೆಯಿರಿ' ಎನ್ನುವ ಸಲಹೆಯೂ ಅವರದ್ದೇ. ಕೀಳಬೇಡಿ. ಒಲೆ ಪೂರ್ತಿ ಆರಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಸೌದೆಯನ್ನು ಸೂರಿನಡಿ ಒಣಗಲು ಹಾಕಿ.