ಸತ್ಯಾಂಶ: ಸೇನಾ ಉಪಗ್ರಹದ ಕಂಪ್ಯೂಟರ್ ಎಷ್ಟು ವೇಗ?

ಸೇನಾ ಉಪಗ್ರಹಗಳ ಕಂಪ್ಯೂಟರ್‌ಗಳು ಭೂಮಿಯ ಮೇಲಿನವುಗಳಿಗಿಂತ ಸಾವಿರಾರು ಪಟ್ಟು ವೇಗವಾಗಿವೆ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ಸರಿಯಲ್ಲ. ಹಾಗೆ ನಂಬುವುದು ಸಹಜವೇ, ಆದರೆ ಬಾಹ್ಯಾಕಾಶದ ಅಗತ್ಯವೇ ಬೇರೆ. ಅಲ್ಲಿ ವಿಕಿರಣದ ಒಂದು ಕಣ ಬಡಿದರೂ ಚಿಪ್‌ನ ಸ್ಮೃತಿಯಲ್ಲಿರುವ 0 ಎಂಬುದು 1 ಆಗಿಬಿಡಬಹುದು. ಕಕ್ಷೆಗೆ ಹೋಗಿ ದುರಸ್ತಿ ಮಾಡುವುದು ಬಹುತೇಕ ಅಸಾಧ್ಯವಾದ್ದರಿಂದ ವಿನ್ಯಾಸಕರು ವೇಗಕ್ಕಿಂತ ತಾಳಿಕೆಗೆ ಒತ್ತು ಕೊಡುತ್ತಾರೆ, ಒಂದೇ ಲೆಕ್ಕವನ್ನು ಮೂರು ಕಡೆ ಮಾಡಿಸಿ ಬಹುಮತದ ಉತ್ತರವನ್ನು ಸ್ವೀಕರಿಸುವ ವ್ಯವಸ್ಥೆಯನ್ನೂ ಅಳವಡಿಸುವುದುಂಟು. ಸೇನೆಯದಲ್ಲದಿದ್ದರೂ ಒಂದು ಉದಾಹರಣೆ ನೋಡಿ: 2021ರಲ್ಲಿ ಹಾರಿದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಲ್ಲಿರುವ, ವಿಕಿರಣ ತಾಳಿಕೊಳ್ಳುವ ಆರ್‌ಎಡಿ750 ಪ್ರೊಸೆಸರ್‌ನ ಗರಿಷ್ಠ ವೇಗ ಸುಮಾರು 200 ಮೆಗಾಹರ್ಟ್ಸ್. ಇಂದಿನ ಸಾಮಾನ್ಯ ಮೊಬೈಲ್ ಅದರ ಹತ್ತು ಪಟ್ಟು ದಾಟುತ್ತದೆ.

ಇಂಥ ಸಂದೇಶ ಬಂದಾಗ ಅದರಲ್ಲಿ ಪ್ರೊಸೆಸರ್‌ನ ಹೆಸರಿದೆಯೇ ಎಂದು ನೋಡಿ, ಇದ್ದರೆ ತಯಾರಕರು ಪ್ರಕಟಿಸಿದ ತಾಂತ್ರಿಕ ವಿವರದೊಂದಿಗೆ ಹೋಲಿಸಿ. ರಹಸ್ಯವಾಗಿಟ್ಟ ಯಂತ್ರದ ವೇಗವನ್ನು ಆಧಾರವಿಲ್ಲದೆ ನಿಖರವಾಗಿ ಹೇಳುವ ಸಂದೇಶ ಸಂಶಯಕ್ಕೆ ಅರ್ಹ.