ಮೆಟ್ಟಿಲಿನ ಎತ್ತರವನ್ನೂ ಬರೆಯಿರಿ

ಗೂಗಲ್ ಮ್ಯಾಪ್‌ನಲ್ಲಿ ಹೋಟೆಲು, ಕ್ಲಿನಿಕ್ಕು, ಅಂಗಡಿಗಳ ಬಗ್ಗೆ ರಿವ್ಯೂ ಬರೆಯುವ ಸ್ನೇಹಿತರು ನನ್ನ ಪಟ್ಟಿಯಲ್ಲಿ ಬಹಳ ಮಂದಿ ಇದ್ದೀರಿ. ದೋಸೆ ಗರಿಗರಿಯಾಗಿತ್ತೇ, ಗಾಡಿ ನಿಲ್ಲಿಸಲು ಜಾಗ ಸಿಕ್ಕಿತೇ, ಡಾಕ್ಟರು ಎಷ್ಟು ಹೊತ್ತು ಕಾಯಿಸಿದರು ಎಂಬುದನ್ನೆಲ್ಲ ಶ್ರದ್ಧೆಯಿಂದ ಬರೆಯುತ್ತೀರಿ. ಅದೇ ಬರಹಕ್ಕೆ ಇನ್ನೆರಡು ಸಾಲು ಸೇರಿಸಿ, ಬಾಗಿಲಲ್ಲಿ ಎಷ್ಟು ಮೆಟ್ಟಿಲಿವೆ, ಒಂದೊಂದು ಎಷ್ಟು ಎತ್ತರವಿದೆ, ಬಾಗಿಲು ಎಷ್ಟು ಅಗಲವಿದೆ ಎಂಬುದನ್ನೂ ತಿಳಿಸಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಾನೂ ಕೆಲವು ಗೆಳೆಯರೂ ಬೆಂಗಳೂರಿನಲ್ಲಿ ಬಿಡುವಾದಾಗಲೆಲ್ಲ ಈ ಕೆಲಸ ಮಾಡುತ್ತಿದ್ದೇವೆ. ಮಾಡುತ್ತಾ ಬಂದಂತೆ ನನಗೆ ಒಂದು ವಿಷಯ ಮನದಟ್ಟಾಗಿದೆ: ‘ಇಲ್ಲಿ ವೀಲ್‌ಚೇರ್ ಹೋಗುತ್ತದೆ’ ಎಂಬ ತೀರ್ಪನ್ನು ನಡೆದಾಡುವ ನಾವು ಕೊಡುವುದಕ್ಕಿಂತ, ಕಂಡದ್ದನ್ನು ಅಳೆದು ಬರೆದು, ತೀರ್ಮಾನವನ್ನು ಅಲ್ಲಿಗೆ ಹೋಗಬೇಕಾದವರಿಗೇ ಬಿಡಬೇಕು.

ಗೂಗಲ್‌ನ ಲೋಕಲ್ ಗೈಡ್ (ಮ್ಯಾಪ್‌ಗೆ ರಿವ್ಯೂ, ಫೋಟೊ, ಮಾಹಿತಿ ಸೇರಿಸಲು ಹೆಸರು ಕೊಟ್ಟವರು) ಆದವರಿಗೆ ಆ್ಯಪ್ ತಾನಾಗಿಯೇ ಕೆಲವು ಪ್ರಶ್ನೆ ಕೇಳುತ್ತದೆ. ಪ್ರವೇಶದ್ವಾರಕ್ಕೆ ವೀಲ್‌ಚೇರ್ ಹೋಗುತ್ತದೆಯೇ, ಶೌಚಾಲಯ ಬಳಸಬಹುದೇ, ಲಿಫ್ಟ್ ಇದೆಯೇ ಎಂಬಂಥವು. ಉತ್ತರಿಸಿದರೆ ಒಂದಿಷ್ಟು ಅಂಕ ಸಿಗುತ್ತದೆ. ಈ ಉತ್ತರಗಳೆಲ್ಲ ಸೇರಿಯೇ ಆ ಜಾಗದ ಮಾಹಿತಿಯಲ್ಲಿ ವೀಲ್‌ಚೇರ್ ಗುರುತು ಮೂಡುತ್ತದೆ. ಮನೆ ಬಿಡುವ ಮೊದಲೇ ಈ ಗುರುತು ಎದ್ದು ಕಾಣುವಂತೆ ಮಾಡಿಕೊಳ್ಳುವ ಸೌಲಭ್ಯವನ್ನು ಗೂಗಲ್ 2020ರ ಮೇ ತಿಂಗಳಲ್ಲಿ ಅಮೆರಿಕ, ಬ್ರಿಟನ್, ಜಪಾನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಮೊದಲು ಆರಂಭಿಸಿತು. ವ್ಯವಸ್ಥೆ ಒಳ್ಳೆಯದೇ. ಆದರೆ ಎಂದೋ ಕಾಫಿ ಕುಡಿದು ಬಂದ ಹೋಟೆಲಿನ ಬಗ್ಗೆ ಮನೆಯ ಸೋಫಾದಲ್ಲಿ ಕುಳಿತು ‘ಹೌದು’ ಒತ್ತುವವರೇ ಹೆಚ್ಚು. ಕಾಲು ಸರಾಗವಾಗಿ ಏರಿಬಂದ ಮೆಟ್ಟಿಲು ನೆನಪಿನಲ್ಲಿ ಉಳಿಯುವುದೇ ಇಲ್ಲ. ನೆನಪಿಲ್ಲದಿದ್ದರೆ ‘ಗೊತ್ತಿಲ್ಲ’ ಎಂಬುದನ್ನು ಒತ್ತಲು ಅವಕಾಶವಿದೆ, ದಯವಿಟ್ಟು ಅದನ್ನೇ ಒತ್ತಿ.

ಅಂಗಡಿಯ ಮಾಲೀಕರೂ ಈ ಮಾಹಿತಿಯನ್ನು ತಾವೇ ತುಂಬಬಹುದು. ಜಯನಗರದ ಕಡೆ ಒಂದು ಬಟ್ಟೆ ಅಂಗಡಿಯ ಹೆಸರಿನ ಕೆಳಗೆ ವೀಲ್‌ಚೇರ್ ಗುರುತು ಇತ್ತು, ಎದುರಿಗೆ ನಿಂತು ನೋಡಿದರೆ ಮೂರು ಗ್ರಾನೈಟ್ ಮೆಟ್ಟಿಲು. ಮಾಲೀಕರನ್ನು ಕೇಳಿದಾಗ ಅವರು ನಿಜವಾದ ಕಾಳಜಿಯಿಂದಲೇ ಹೇಳಿದರು: “ಯಾರಾದ್ರೂ ಬಂದ್ರೆ ನಮ್ ಹುಡುಗ್ರು ಎತ್ತಿ ಒಳಗೆ ಕೂರಿಸ್ತಾರೆ ಸಾರ್, ಏನೂ ತೊಂದರೆ ಇಲ್ಲ.” ಅವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಸೀರೆ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳನ್ನು ಪರಿಚಯವಿಲ್ಲದ ಇಬ್ಬರು ಹುಡುಗರು ರಸ್ತೆಯಲ್ಲಿ ಎಲ್ಲರೂ ನೋಡುತ್ತಿರುವಾಗ ಎತ್ತುವುದನ್ನು ಸೌಲಭ್ಯ ಎನ್ನಲು ನಾನು ಒಪ್ಪುವುದಿಲ್ಲ. ಬ್ಯಾಟರಿ ವೀಲ್‌ಚೇರ್ ಆದರೆ ಅದನ್ನು ಎತ್ತುವುದೂ ಸುಲಭವಲ್ಲ. ಆ ಮೂರು ಮೆಟ್ಟಿಲು ಮೊದಲೇ ಗೊತ್ತಿದ್ದರೆ ಆಕೆ ಬೇರೆ ಅಂಗಡಿ ಆರಿಸಿಕೊಳ್ಳುತ್ತಿದ್ದಳು, ಇಲ್ಲವೇ ಫೋನ್ ಮಾಡಿ ಹಿಂಬಾಗಿಲೇನಾದರೂ ಇದೆಯೇ ಎಂದು ಕೇಳುತ್ತಿದ್ದಳು.

ಇನ್ನೊಂದು, ನಮ್ಮೂರಿನ ಸ್ಕೂಟರ್ ಇಳಿಜಾರು. ರಾತ್ರಿ ಗಾಡಿ ಒಳಗೆ ತಳ್ಳಲೆಂದು ಬಾಗಿಲ ಮುಂದೆ ಸಿಮೆಂಟ್ ಬಳಿದು ಮಾಡಿದ ಇಳಿಜಾರನ್ನು ಕಂಡು ‘ರ‍್ಯಾಂಪ್ ಇದೆ’ ಎಂದು ಬರೆಯುವವರನ್ನು ಬಹಳ ನೋಡಿದ್ದೇನೆ. ಕಟ್ಟಡಗಳಿಗೆ ಹೇಳಿರುವ ಅಳತೆ 1:12, ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಸ್ಕೂಟರ್ ಇಳಿಜಾರಿನಲ್ಲಿ ಒಂದು ಅಡಿ ಎತ್ತರಕ್ಕೆ ಎರಡು ಅಡಿ ಉದ್ದ ಸಿಕ್ಕರೆ ಹೆಚ್ಚು. ವೀಲ್‌ಚೇರನ್ನು ಕೈಯಿಂದ ತಳ್ಳಿಕೊಂಡು ಹೋಗುವವರು ಅದರ ಮೇಲೆ ಹಿಂದಕ್ಕೆ ಮಗುಚಿ ಬೀಳುವ ಅಪಾಯವಿದೆ. ಹಾಗೆಯೇ, ಕೆಳಗೆ ಪಾರ್ಕಿಂಗ್ ಇರುವ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ನಿಜ, ಆ ಲಿಫ್ಟಿನ ಬಾಗಿಲು ತಲುಪಲು ನಾಲ್ಕೈದು ಮೆಟ್ಟಿಲು ಹತ್ತಬೇಕಾದದ್ದೂ ಅಷ್ಟೇ ನಿಜ. ದರ್ಶಿನಿಗಳಲ್ಲಿ ನೆಲ ಸಮತಟ್ಟಾಗಿಯೇ ಇರಬಹುದು, ಆದರೆ ನಿಂತು ತಿನ್ನುವ ಮೇಜು ಕುಳಿತವರ ಕುತ್ತಿಗೆ ಮಟ್ಟಕ್ಕೆ ಬರುತ್ತದೆ. ಇವೆಲ್ಲವನ್ನೂ ಒಂದು ‘ಹೌದು’ ಅಥವಾ ‘ಇಲ್ಲ’ದಲ್ಲಿ ಹೇಳಲು ಸಾಧ್ಯವಿಲ್ಲ, ರಿವ್ಯೂವಿನ ಪಠ್ಯದಲ್ಲಿಯೇ ಹೇಳಬೇಕು.

ಅಳತೆಯ ಮಹತ್ವವನ್ನು ಮೊದಲೇ ಅರಿತ ಕೆಲಸವೆಂದರೆ, ಎಲ್ಲಿಗೆ ವೀಲ್‌ಚೇರ್ ಹೋಗುತ್ತದೆ ಎಂದು ತೋರಿಸುವ ಜರ್ಮನಿಯ ಆನ್‌ಲೈನ್ ನಕ್ಷೆ ವೀಲ್‌ಮ್ಯಾಪ್. ಸ್ವತಃ ವೀಲ್‌ಚೇರ್ ಬಳಸುವ ರಾವುಲ್ ಕ್ರೌಟ್‌ಹೌಸನ್ ಮತ್ತು ಬರ್ಲಿನ್‌ನ ಅವರ ಸಂಸ್ಥೆ ಸೋಝಿಯಾಲ್‌ಹೆಲ್ಡನ್ 2010ರಲ್ಲಿ ಇದನ್ನು ಆರಂಭಿಸಿದರು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇದರ ತಳಹದಿ. ಹಸಿರು, ಹಳದಿ, ಕೆಂಪು ಎಂದು ಜಾಗಗಳನ್ನು ಗುರುತಿಸುತ್ತಾರೆ, ಮಾಹಿತಿ ಇಲ್ಲದ್ದಕ್ಕೆ ಬೂದು ಬಣ್ಣ. ಬಾಗಿಲಲ್ಲಿ ಮೆಟ್ಟಿಲಿಲ್ಲದೆ ಒಳಗಿನ ಕೋಣೆಗಳಿಗೂ ಹೋಗುವಂತಿದ್ದರೆ ಹಸಿರು. ಹೆಚ್ಚೆಂದರೆ 7 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿದ್ದು, ಮುಖ್ಯವಾದ ಕೋಣೆಗಳನ್ನು ತಲುಪಬಹುದಾದರೆ ಹಳದಿ. ‘ಸ್ವಲ್ಪ ಎತ್ತರ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ, ಯಾರು ಅಳೆದರೂ ಒಂದೇ ಉತ್ತರ ಬರುತ್ತದೆ. ಕೆಂಪು ಗುರುತಿಗೂ ಬೆಲೆಯಿದೆ ಎಂಬುದು ಅದರಲ್ಲಿ ನನಗೆ ತುಂಬಾ ಹಿಡಿಸಿದ ಅಂಶ. ನಮ್ಮಲ್ಲಿ ಕೆಟ್ಟದ್ದನ್ನು ಬರೆದರೆ ಅಂಗಡಿಯವರಿಗೆ ಬೇಸರವಾಗುತ್ತದೆ ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ, ಆದರೆ ಹೋಗಿ ಬಾಗಿಲಿನಿಂದ ವಾಪಸ್ ಬರುವುದನ್ನು ತಪ್ಪಿಸುವ ಮಾಹಿತಿ ಅದೇ.

ಅಳೆಯುವುದು ಕಷ್ಟವಲ್ಲ. ನಿಮ್ಮ ಒಂದು ಗೇಣು ಎಷ್ಟು ಸೆಂಟಿಮೀಟರ್ ಎಂದು ಮನೆಯಲ್ಲಿ ಒಮ್ಮೆ ಅಳೆದಿಟ್ಟುಕೊಂಡರೆ ಟೇಪ್ ಹೊತ್ತು ತಿರುಗಬೇಕಾಗಿಲ್ಲ. ಫೋಟೊ ತೆಗೆಯುವಾಗ ಮೆಟ್ಟಿಲ ಪಕ್ಕ ನೀರಿನ ಬಾಟಲಿ ಇಟ್ಟರೆ ಎತ್ತರ ನೋಡಿದವರಿಗೇ ತಿಳಿಯುತ್ತದೆ. ನಾವು ಬರೆಯುವುದು ಹೀಗಿರುತ್ತದೆ: “ಫುಟ್‌ಪಾತಿನಿಂದ ಬಾಗಿಲಿಗೆ ಎರಡು ಮೆಟ್ಟಿಲು, ತಲಾ 15 ಸೆಂ.ಮೀ. ಹಿಡಿಕೆ ಇಲ್ಲ. ಬಾಗಿಲು 85 ಸೆಂ.ಮೀ. ಅಗಲ. ಎಡಪಕ್ಕದ ಪಾರ್ಕಿಂಗ್ ಗೇಟಿನಿಂದ ಮೆಟ್ಟಿಲಿಲ್ಲದೆ ಬರಬಹುದು, ಆದರೆ ವಾಚ್‌ಮನ್‌ಗೆ ಹೇಳಿ ತೆಗೆಸಬೇಕು. ಶೌಚಾಲಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.” ಯಾವ ತಿಂಗಳಲ್ಲಿ ನೋಡಿದ್ದು ಎಂಬುದನ್ನೂ ಸೇರಿಸಿ, ಏಕೆಂದರೆ ಚರಂಡಿ ಕೆಲಸಕ್ಕೆಂದು ಅಗೆದು ಮುಚ್ಚಿದ ಮೇಲೆ ಅದೇ ಬಾಗಿಲಿಗೆ ಇನ್ನೊಂದು ಮೆಟ್ಟಿಲು ಬಂದಿರಬಹುದು. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ.

ವೀಲ್‌ಚೇರ್ ಒಂದನ್ನೇ ನೆನಪಿಟ್ಟುಕೊಂಡರೆ ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಟೋಕನ್ ನಂಬರನ್ನು ಕೂಗಿ ಮಾತ್ರ ಹೇಳುವ ಕ್ಲಿನಿಕ್ಕಿನಲ್ಲಿ ಕಿವಿ ಕೇಳದವರು ತಮ್ಮ ಸರದಿ ಕಳೆದುಕೊಳ್ಳುತ್ತಾರೆ. ಮಹಡಿಯ ಸಂಖ್ಯೆ ಹೇಳದ ಲಿಫ್ಟಿನಲ್ಲಿ ಕಣ್ಣು ಕಾಣದವರು ಪಕ್ಕದವರನ್ನೇ ಕೇಳಬೇಕಾಗುತ್ತದೆ. ಕಾಯುವ ಜಾಗದಲ್ಲಿ ಕುರ್ಚಿ ಇದೆಯೇ ಎಂಬ ಒಂದು ಸಾಲು ಮಂಡಿನೋವಿನ ಹಿರಿಯರಿಗೂ ಬೇಕು.

ಸರ್ಕಾರ ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆಯಾಗಿ ಏಕೆ ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕಟ್ಟಡ, ಸಾರಿಗೆಗಳನ್ನು ವಿಕಲಚೇತನರೂ ಬಳಸುವಂತೆ ಮಾಡಲು ಕೇಂದ್ರ ಸರ್ಕಾರದ ಸುಗಮ್ಯ ಭಾರತ ಅಭಿಯಾನ ಆರಂಭವಾದದ್ದು 2015ರ ಡಿಸೆಂಬರ್ 3ರಂದು. ಇಷ್ಟು ವರ್ಷಗಳ ಬಳಿಕವೂ, 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಕಲಚೇತನರ ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಬಿಟ್ಟಿರುವ ನಿಯಮ 2016ರ ಆ ಕಾಯ್ದೆಗೆ ವಿರುದ್ಧವಾಗಿದೆ ಎಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಬೇಕಾಯಿತು. ಮೆಟ್ಟಿಲನ್ನು ಸರಿಪಡಿಸುವ ಹೊಣೆ ಕಟ್ಟಡದವರದ್ದು ಮತ್ತು ಸರ್ಕಾರದ್ದು, ನಮ್ಮ ಬರಹದಿಂದ ಅದು ಎಳ್ಳಷ್ಟೂ ಕಡಿಮೆಯಾಗಬಾರದು. ಆದರೆ ನಾಳೆ ಬೆಳಿಗ್ಗೆ ಸ್ಕ್ಯಾನಿಂಗ್‌ಗೆ ಹೋಗಬೇಕಾದವರಿಗೆ ಮಾಹಿತಿ ಇವತ್ತೇ ಬೇಕು. ದಿನಾಂಕ ಸಹಿತ ಫೋಟೊ ಮುಂದೆ ದೂರು ಕೊಡುವವರ ಕೈಗೂ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿರುವ ವಿಕಲಚೇತನರು 2.68 ಕೋಟಿ, ಅವರಲ್ಲಿ 1.86 ಕೋಟಿ ಮಂದಿ ಹಳ್ಳಿಗಳಲ್ಲಿದ್ದಾರೆ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ನಾವು ಸ್ವಯಂಸೇವಕರು ಮಾತ್ರ ಮಾಲು, ಕೆಫೆಗಳನ್ನೇ ಸುತ್ತುತ್ತಿದ್ದೇವೆ. ಹಬ್ಬಕ್ಕೆ ಊರಿಗೆ ಹೋದಾಗ ನಾಡಕಚೇರಿ, ತಾಲ್ಲೂಕು ಆಸ್ಪತ್ರೆ, ಪಿಂಚಣಿ ಬರುವ ಬ್ಯಾಂಕು, ಮತಗಟ್ಟೆಯಾಗುವ ಶಾಲೆ, ಬಸ್ ನಿಲ್ದಾಣದ ಶೌಚಾಲಯ, ಇವುಗಳ ಬಾಗಿಲನ್ನು ಅಳೆದು ಬರೆಯಿರಿ. ಮ್ಯಾಪ್‌ನಲ್ಲಿ ಆ ಜಾಗದ ಗುರುತೇ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಹೇಗೆಂದು ತಿಳಿಯದವರು ಕಾಮೆಂಟಿನಲ್ಲಿ ಕೇಳಿ, ನಾನು ಒಂದೊಂದಾಗಿ ಹೇಳಿಕೊಡುತ್ತೇನೆ.