ನಿದ್ದೆ ಮಾಡುವ ಕೊವಾಲಾ ಏನು ತಪ್ಪು ಮಾಡಿದೆ?

ಇವತ್ತು ನಿಜವಾಗಲೂ ಸಿಟ್ಟು ಬಂದಿದೆ. ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಆಸ್ಟ್ರೇಲಿಯಾದ ಪ್ರಾಣಿಗಳೆಂದರೆ ನನಗೆಷ್ಟು ಹುಚ್ಚು ಅಂತ ನಿಮಗೆಲ್ಲ ಗೊತ್ತು. ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಇಲ್ಲಿನ ಯಾವುದಾದರೂ ವನ್ಯಜೀವಿ ಪಾರ್ಕಿಗೆ ಹೊರಡುತ್ತೇನೆ. ಇವತ್ತೂ ಹಾಗೇ ಹೋಗಿದ್ದೆ. ಮರದ ಕವಲಲ್ಲಿ ಒಂದು ಕೊವಾಲಾ ಮುದುರಿ ಮಲಗಿತ್ತು. ಕೆಳಗೆ ಒಂದಷ್ಟು ಜನ. ಒಬ್ಬರು ಚಪ್ಪಾಳೆ ತಟ್ಟುತ್ತಿದ್ದಾರೆ, ಒಬ್ಬರು ಸಿಳ್ಳೆ ಹೊಡೆಯುತ್ತಿದ್ದಾರೆ, ಇನ್ನೊಬ್ಬರು ಕೀ ಗೊಂಚಲಿನಿಂದ ಕಂಬಿ ಬಡಿಯುತ್ತಿದ್ದಾರೆ. ಅದು ಅರ್ಧ ಕಣ್ಣು ತೆರೆದು ನೋಡಿತು. ಮತ್ತೆ ಮುಖವನ್ನು ಎದೆಯೊಳಗೆ ಹುದುಗಿಸಿಕೊಂಡಿತು. ‘ಬರೀ ನಿದ್ದೆ, ಬೋರು’ ಅಂತ ಎಲ್ಲರೂ ಮುಂದೆ ಹೋದರು.

ಬೋರು ಅಂತೆ! ಆ ಪ್ರಾಣಿ ತಿನ್ನುವುದು ನೀಲಗಿರಿ ಎಲೆ. ಅದರಲ್ಲಿ ಸತ್ವ ಕಡಿಮೆ, ನಾರು ಜಾಸ್ತಿ, ಸಾಲದ್ದಕ್ಕೆ ವಿಷ ಬೇರೆ. ಅದನ್ನು ಅರಗಿಸಿಕೊಂಡು ಉಳಿಯುವ ಅಷ್ಟಿಷ್ಟು ಶಕ್ತಿಯಲ್ಲೇ ಬದುಕಬೇಕು. ಅದಕ್ಕೇ ದಿನಕ್ಕೆ 20 ಗಂಟೆವರೆಗೂ ನಿದ್ದೆ, ವಿಶ್ರಾಂತಿ. ಅದರ ನಿದ್ದೆ ಕೆಡಿಸಿ ತೆಗೆದ ಫೋಟೋದಲ್ಲಿ ಇರುವುದು ಗಾಬರಿಯಾದ ಒಂದು ಜೀವ, ಅಷ್ಟೇ.

‘ದುಡ್ಡು ಕೊಟ್ಟು, ಮಕ್ಕಳನ್ನು ಕರೆದುಕೊಂಡು ಅಷ್ಟು ದೂರದಿಂದ ಬಂದಿರುತ್ತಾರೆ, ಪಾಪ’ ಅಂತ ಪಕ್ಕದಲ್ಲಿದ್ದವರೊಬ್ಬರು ನನಗೇ ಬುದ್ಧಿ ಹೇಳಿದರು. ಮಕ್ಕಳ ಆಸೆ ಅರ್ಥವಾಗುತ್ತದೆ. ಆದರೆ ಟಿಕೆಟ್ ತೆಗೆದುಕೊಂಡಿದ್ದು ನೋಡುವುದಕ್ಕೆ, ಕುಣಿಸುವುದಕ್ಕಲ್ಲ. ಇಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕೊವಾಲಾವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಲು ಬಿಡುವುದೇ ಇಲ್ಲ. ಬ್ರಿಸ್ಬೇನ್‌ನ ಲೋನ್ ಪೈನ್ 1927ರಲ್ಲಿ ಶುರುವಾದ ಕೊವಾಲಾ ಪಾರ್ಕು, ಕೊವಾಲಾ ಎತ್ತಿಕೊಳ್ಳುವುದಕ್ಕೇ ಹೆಸರಾಗಿತ್ತು. ಅವರೂ 2024ರಲ್ಲಿ ಅದನ್ನು ನಿಲ್ಲಿಸಿದರು. ಓದಿದ ದಿನ ನನಗೆ ಎಷ್ಟು ಖುಷಿಯಾಯಿತು ಗೊತ್ತಾ?

ಸ್ವಲ್ಪ ಹೊತ್ತು ಸುಮ್ನೆ ಕೂತರೆ ಎಷ್ಟೊಂದು ಸಿಗುತ್ತದೆ! ಮಧ್ಯಾಹ್ನದ ಬಿಸಿಲಿಗೆ ಕಾಂಗರೂ ನೆರಳಲ್ಲಿ ಒರಗಿತ್ತು. ನಾನು ನೆಲಕ್ಕೆ ಮಂಡಿಯೂರಿ, ಲೆನ್ಸನ್ನು ತಂತಿ ಬೇಲಿಗೆ ತೀರಾ ಹತ್ತಿರ ಹಿಡಿದು, ಬೆಳಕು ಒಳಗೆ ಬರುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಪೂರ್ತಿ ತೆರೆದೆ. ಬೇಲಿಯಿಂದ ಪ್ರಾಣಿ ದೂರ ಇದ್ದರೆ ತಂತಿ ಫೋಟೋದಲ್ಲಿ ಕಾಣಿಸುವುದೇ ಇಲ್ಲ. ಕಾಂಗರೂ ತನ್ನ ಮುಂಗೈ ನೆಕ್ಕಿಕೊಳ್ಳತೊಡಗಿತು. ಎಂಜಲು ಆರುವಾಗ ಅಲ್ಲಿನ ರಕ್ತ ತಂಪಾಗುತ್ತದೆ. ಒದ್ದೆಯಾದ ಕೂದಲು ಗಾಢ ಬಣ್ಣಕ್ಕೆ ತಿರುಗಿ, ಗೆರೆ ಗೆರೆಯಾಗಿ ಅಂಟಿಕೊಂಡಿತ್ತು. ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಅಲ್ವಾ?

‘ಮಲಗಿರುವ ಪ್ರಾಣಿಯ ಚಿತ್ರ ಯಾರಿಗೆ ಬೇಕು’ ಅನ್ನುವವರು ಥೈಲಸೀನ್ ನೆನಪಿಸಿಕೊಳ್ಳಲಿ. ಬೆನ್ನ ಮೇಲೆ ಪಟ್ಟೆ ಇದ್ದ ಟಾಸ್ಮೇನಿಯಾ ದ್ವೀಪದ ಆ ಪ್ರಾಣಿಯನ್ನು 1933ರಲ್ಲಿ ಅಲ್ಲಿನ ಹೋಬಾರ್ಟ್ ಮೃಗಾಲಯದಲ್ಲಿ ಪ್ರಾಣಿತಜ್ಞ ಡೇವಿಡ್ ಫ್ಲೇ ಚಿತ್ರೀಕರಿಸಿದರು. ಅದರಲ್ಲಿ ಅದು ದೊಡ್ಡ ಸಾಹಸವನ್ನೇನೂ ಮಾಡುವುದಿಲ್ಲ. ಓಡಾಡುತ್ತದೆ, ಬಾಯಿ ಅಗಲಿಸುತ್ತದೆ, ಮಲಗುತ್ತದೆ. 1936ರ ಸೆಪ್ಟೆಂಬರ್ 7ರಂದು ಅದೇ ಮೃಗಾಲಯದಲ್ಲಿ, ನಮಗೆ ಗೊತ್ತಿರುವ ಕೊನೆಯ ಥೈಲಸೀನ್ ಸತ್ತಿತು. ಇವತ್ತು ಆ ಒಂದು ನಿಮಿಷದಷ್ಟು ಚಿತ್ರವನ್ನು ಜಗತ್ತೇ ಮತ್ತೆ ಮತ್ತೆ ನೋಡುತ್ತಿದೆ. ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮುಂದಿನ ವಾರ ಟಾಸ್ಮೇನಿಯನ್ ಡೆವಿಲ್ ಅನ್ನುವ ಪುಟ್ಟ ಮಾಂಸಾಹಾರಿ ಪ್ರಾಣಿಯನ್ನು ನೋಡಲು ಹೋಗುತ್ತಿದ್ದೇನೆ. 1996ರಲ್ಲಿ ಕಾಣಿಸಿಕೊಂಡ ಮುಖದ ಗಡ್ಡೆ ರೋಗ ಕಾಡಿನಲ್ಲಿ ಅವುಗಳನ್ನು ಸಾಯಿಸುತ್ತಾ ಬಂದಿದೆ. ಅದಕ್ಕೇ ಎಷ್ಟೋ ಪಾರ್ಕುಗಳಲ್ಲಿ ಆರೋಗ್ಯವಂತ ಡೆವಿಲ್‌ಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ಜೊತೆಗೆ ಬರುವವರು ಮೆಸೇಜ್ ಮಾಡಿ. ಫ್ಲ್ಯಾಶ್ ಆಫ್ ಇರಬೇಕು. ಅವು ಗೂಡಿನಿಂದ ಹೊರಗೆ ಬರದಿದ್ದರೂ ನಾನು ಸಂಜೆವರೆಗೆ ಅಲ್ಲೇ ಕೂತಿರುತ್ತೇನೆ, ಬೇಗ ವಾಪಸ್ ಹೋಗೋಣ ಅನ್ನಬಾರದು.